ಎರಡು ನೂಲು ಗಿಡ್ಡ

ಗಾಜಿನ ಅಂಗಡಿಯ ಪಿಕಪ್ ಗಾಡಿಯಲ್ಲಿ ಯಾರು ಎಲ್ಲಿ ಕೂರಬೇಕೆಂದು ಯಾರೂ ಯಾರನ್ನೂ ಕೇಳುತ್ತಿರಲಿಲ್ಲ. ತಮ್ಮ ಸ್ಟೀರಿಂಗ್ ಹಿಡಿಯುವವನು. ಪಕ್ಕದಲ್ಲಿ ಅವನ ಹೆಂಡತಿ. ಅವಳ ಕಾಲ ಬಳಿ ಗಾಜು ಮೆತ್ತುವ ಪುಟ್ಟಿಯ ಡಬ್ಬ, ಮಡಿಲಲ್ಲಿ ಮೂವರ ಊಟದ ಚೀಲ. ಹಿಂದಿನ ಸೀಟಿನಲ್ಲಿ ಅಕ್ಕ, ಅಕ್ಕನ ಎರಡು ಮಂಡಿಗಳ ನಡುವೆ ಗಾಜು. ಮೂವತ್ತು ವರ್ಷದಲ್ಲಿ ಗಾಡಿ ಮೂರು ಸಲ ಬದಲಾಗಿತ್ತು, ಅಂಗಡಿಯ ಬೋರ್ಡು ಎರಡು ಸಲ, ತಮ್ಮನ ಹೊಟ್ಟೆಯ ಸುತ್ತಳತೆ ಲೆಕ್ಕವಿಲ್ಲದಷ್ಟು ಸಲ. ಕೂರುವ ಕ್ರಮ ಮಾತ್ರ ಹಾಗೇ ಇತ್ತು.

ಗಾಜನ್ನು ಹಿಂದಿನ ಬಾಡಿಯಲ್ಲಿ ಹಾಕಿಕೊಂಡು ಹೋದರಾಗದೇ ಎಂದು ಗೊತ್ತಿಲ್ಲದವರು ಕೇಳುತ್ತಿದ್ದರು. ಹೋಗಬಹುದು, ಜೊತೆಗೊಂದು ಪೊರಕೆ ಇಟ್ಟುಕೊಂಡರೆ ಸಾಕು. ಕಿಟಕಿಗೆ ಹಾಕುವ ತೆಳು ಗಾಜು ಬಾಡಿಯ ಕುಲುಕಾಟಕ್ಕೆ ಅರ್ಧ ದಾರಿಯಲ್ಲೇ ಚೂರಾಗುತ್ತದೆ. ಆದ್ದರಿಂದ ಗಾಜನ್ನು ಕಂಬಳಿಯಲ್ಲಿ ಸುತ್ತಿ ಕ್ಯಾಬಿನ್ನಿನ ಒಳಗೆ ತಂದು, ನೆಟ್ಟಗೆ ನಿಲ್ಲಿಸಿ, ಅಕ್ಕ ಮಂಡಿಯಿಂದ ಅಮುಕಿ ಹಿಡಿಯುತ್ತಿದ್ದಳು. ಗಟ್ಟಿಯಾಗಿ ಹಿಡಿದರೆ ಬಿರುಕು, ಸಡಿಲ ಬಿಟ್ಟರೆ ಕುಣಿತ. ಎಷ್ಟು ಅಮುಕಬೇಕೆಂಬುದು ಅಕ್ಕನ ಮಂಡಿಗೇ ಗೊತ್ತು, ಬಾಯಲ್ಲಿ ಹೇಳಲು ಬಾರದು. ಮೂವತ್ತು ವರ್ಷದಲ್ಲಿ ಅವಳ ಹತ್ತಿರ ಒಡೆದದ್ದು ಮೂರೇ ಗಾಜು. ಅದರಲ್ಲಿ ಎರಡು ತಮ್ಮ ಬ್ರೇಕ್ ಹಾಕಿದ ರೀತಿಯಿಂದ ಒಡೆದದ್ದೆಂದು ಅವಳು ಇವತ್ತಿಗೂ ವಾದಿಸುತ್ತಾಳೆ.

ಅಕ್ಕನ ಇನ್ನೊಂದು ಕೆಲಸ ಅಳತೆ. ಕಿಟಕಿಯ ಚೌಕಟ್ಟಿಗೆ ಟೇಪು ಹಿಡಿದು ಅವಳು ಕೂಗಬೇಕು, ತಮ್ಮ ಬರೆದುಕೊಳ್ಳಬೇಕು, ಆಮೇಲೆ ಅಂಗಡಿಯ ಮೇಜಿನ ಮೇಲೆ ಕತ್ತರಿಸಬೇಕು. ಇಂಚು, ಇಂಚಿಗೆ ಎಂಟು ನೂಲು, ಅವರ ಲೆಕ್ಕವೆಲ್ಲ ಅಷ್ಟರಲ್ಲೇ. ಅವರಪ್ಪ ಇಬ್ಬರ ಕೈಗೂ ಸಾಮಾನು ಕೊಟ್ಟ ದಿನ ಒಂದು ನಿಯಮ ಹೇಳಿದ್ದ. ಕೂಗುವವರು ಇದ್ದದ್ದನ್ನು ಇದ್ದ ಹಾಗೆ ಕೂಗಬೇಕು. ಕತ್ತರಿಸುವವನು ಎರಡು ನೂಲು ಕಳೆಯಬೇಕು, ಗಾಜಿಗೆ ಉಸಿರಾಡಲು ಜಾಗ ಬೇಕು. ಇಬ್ಬರೂ ಕಳೆದರೆ ಸಂದಿಯಲ್ಲಿ ಗಾಳಿ ನುಗ್ಗುತ್ತದೆ, ಇಬ್ಬರೂ ಕಳೆಯದಿದ್ದರೆ ಗಾಜು ಒಡೆಯುತ್ತದೆ. ಅಪ್ಪ ಬಿಟ್ಟುಹೋದ ಆಸ್ತಿಯಲ್ಲಿ ಜಗಳವಿಲ್ಲದೆ ಹಂಚಿಕೆಯಾದದ್ದು ಇದೊಂದೇ.

ಅಕ್ಕ ಮದುವೆಯಾಗಿರಲಿಲ್ಲ. ಯಾಕೆಂದು ಕೇಳಿದವರಿಗೆ "ಅಳತೆಗೆ ಸರಿಹೋಗೋನು ಸಿಗಲಿಲ್ಲ" ಎನ್ನುತ್ತಿದ್ದಳು. ಕೇಳಿದವರು ನಗುತ್ತಿದ್ದರು, ಅವಳೂ ನಗುತ್ತಿದ್ದಳು. ತನ್ನ ಅಳತೆಯ ಬಗ್ಗೆ ಅವಳಿಗೆ ಸಣ್ಣ ಜಂಬವೇನೂ ಇರಲಿಲ್ಲ, ದೊಡ್ಡ ಜಂಬವೇ ಇತ್ತು.

ಅರವತ್ತೊಂದನೇ ವಯಸ್ಸಿನಲ್ಲಿ ಮಂಡಿ ಕೈಕೊಟ್ಟಿತು. ಡಾಕ್ಟರು ಎಕ್ಸ್‌ರೇಯನ್ನು ಬೆಳಕಿಗೆ ಹಿಡಿದು, ಕಾಲು ಮಡಚಿಕೊಂಡು ಹೊತ್ತುಗಟ್ಟಲೆ ಕೂರಬಾರದು, ಚಾಚಿ ಕೂರಬೇಕು, ಭಾರ ಅಮುಕುವುದಂತೂ ಬೇಡವೇ ಬೇಡ ಎಂದರು. ಏನು ಕೆಲಸ ಮಾಡುತ್ತೀರಿ ಎಂದು ಆಮೇಲೆ ಕೇಳಿದರು. ಅಕ್ಕ ಹೇಳಿದಳು. ಡಾಕ್ಟರು ಪೆನ್ನಿನ ಮುಚ್ಚಳ ಹಾಕಿ ಅವಳ ಮುಖ ನೋಡಿದರು.

ಅದೇ ವಾರ ಒಂದು ಹಳೆಯ ಶಾಲೆಯ ಕೆಲಸ ಬಂತು. ನೂರಹದಿನೆಂಟು ಕಿಟಕಿ, ಒಂದರಂತೆ ಒಂದಿಲ್ಲ. ಅಕ್ಕನ ಮಂಡಿಗೆ ಒಂದು ಸಲಕ್ಕೆ ಎಂಟು ಗಾಜು. ತಮ್ಮ ಅಳೆದೂ ಸುರಿದೂ ನೋಡಿ, ರಾತ್ರಿ ಊಟದ ಹೊತ್ತಿಗೆ ತೀರ್ಮಾನ ಹೇಳಿದ.

"ಹಿಂದಿನ ಸೀಟಿನ ಬೆನ್ನು ಮುಂದಕ್ಕೆ ಮಡಚೋ ಹಾಗೆ ಮಾಡಿಸಿಬಿಡೋಣ ಅಕ್ಕ. ಮಲಗಿಸಿದ್ರೆ ಹಲಗೆ ಹಾಗೆ ಚಪ್ಪಟೆ ಆಗುತ್ತೆ. ಅದರ ಮೇಲೆ ಮರದ ಸ್ಟ್ಯಾಂಡ್ ಇಟ್ರೆ ಒಂದೇ ಸಲಕ್ಕೆ ಮೂವತ್ತು ಗಾಜು ನಿಲ್ಲುತ್ತೆ."

"ನಾನು?"

"ನೀನು ಬಂದಾಗ ಎತ್ತಿ ನಿಲ್ಲಿಸೋದು. ನಿನಗೂ ಜಾಗ, ಗಾಜಿಗೂ ಜಾಗ. ಹಾವೂ ಸಾಯಲ್ಲ, ಕೋಲೂ ಮುರಿಯಲ್ಲ."

"ಇಷ್ಟು ವರ್ಷ ದುಡಿದಿದ್ದೀರ, ಸ್ವಲ್ಪ ದಿನ ಮನೇಲಿ ಆರಾಮಾಗಿ ಇರಿ ಅತ್ತಿಗೆ" ಎಂದಳು ತಮ್ಮನ ಹೆಂಡತಿ, ಅಕ್ಕನ ನಾದಿನಿ. "ಅಳತೆ ಬೇಕಾದ್ರೆ ನಾನು ಹಿಡೀತೀನಿ." ಅವಳ ಮಾತಿನಲ್ಲಿ ಎಳ್ಳಷ್ಟೂ ಕೆಟ್ಟದ್ದಿರಲಿಲ್ಲ. ಅದಕ್ಕೇ ಅಕ್ಕನಿಗೆ ಜಗಳ ತೆಗೆಯಲು ದಾರಿಯೇ ಸಿಗಲಿಲ್ಲ.

ಆ ಮನೆಯಲ್ಲಿ ಮಡಚುವ ಸಾಮಾನುಗಳ ಗತಿ ಏನಾಗುತ್ತದೆಂದು ಅಕ್ಕನಿಗೆ ಚೆನ್ನಾಗಿ ಗೊತ್ತಿತ್ತು. ಮಡಚುವ ಮಂಚವೊಂದಿತ್ತು, ಬಾಗಿಲ ಹಿಂದೆ ನಿಂತು ಹನ್ನೊಂದು ವರ್ಷ. ಮಡಚುವ ಮೇಜು ಕಪಾಟಿನ ಹಿಂದೆ ಸೇರಿ ಅದರ ಕಾಲು ಎಷ್ಟೆಂಬುದೇ ಎಲ್ಲರಿಗೂ ಮರೆತುಹೋಗಿತ್ತು. ಬೇಕಾದಾಗ ಬಿಚ್ಚಬಹುದು ಎಂದು ತಂದ ಒಂದು ವಸ್ತುವನ್ನೂ ಆ ಮನೆಯವರು ಮತ್ತೆ ಬಿಚ್ಚಿದವರಲ್ಲ. ಸೀಟು ಒಮ್ಮೆ ಮಲಗಿತೆಂದರೆ ತನ್ನ ಜಾಗ ಹೋಯಿತು ಎಂದು ಅಕ್ಕನಿಗೆ ಆ ಊಟದ ತಟ್ಟೆಯ ಮುಂದೆಯೇ ಅನಿಸಿತು. ಬಾಯಿಬಿಟ್ಟು ಹೇಳಲಿಲ್ಲ. ಮಂಡಿ ಸವೆದವಳು ಯಾವ ಬಾಯಿಂದ ಹೇಳುವುದು?

ಸೀಟಿನ ಕೆಲಸ ಮಾಡುವವನು ಎರಡು ಬೀದಿ ಆಚೆ ಇದ್ದ. ಬೆಳಗ್ಗೆ ಶಟರ್ ಎತ್ತುವಾಗ ಶುರುವಾದ ಗೊಣಗಾಟವನ್ನು ಸಂಜೆ ಶಟರ್ ಇಳಿಸುವಾಗ ನಿಲ್ಲಿಸುತ್ತಿದ್ದದ್ದರಿಂದ ಎಲ್ಲರೂ ಅವನನ್ನು ಗೊಣಗಣ್ಣ ಎನ್ನುತ್ತಿದ್ದರು. ಅವನು ಗಾಡಿಯೊಳಗೆ ಅರ್ಧ ಮೈ ತೂರಿಸಿ ನೋಡಿ ಹೊರಗೆ ಬಂದ.

"ಬೆನ್ನಿನ ಬುಡಕ್ಕೆ ಮಡಚೋಕೆ ಎರಡು ಹಿಂಜು ಹಾಕಬೇಕು. ಮೇಲುಗಡೆ ಈ ಗೋಡೆಯಿಂದ ಆ ಗೋಡೆಗೆ ಕಬ್ಬಿಣದ ಒಂದು ಅಡ್ಡಪಟ್ಟಿ, ಪಟ್ಟಿಯ ಎರಡು ತುದೀಲೂ ಸ್ಪ್ರಿಂಗ್ ಚಿಲಕ. ನಡುವಿನ ಬೆಲ್ಟ್ ಎಳೆದ್ರೆ ಚಿಲಕ ಒಳಗೆ ಹೋಗಿ ಸೀಟು ಮಲಗುತ್ತೆ. ಎತ್ತಿದ್ರೆ ಚಿಲಕ ಎರಡೂ ಕಡೆ ಗೋಡೆಯ ಗೂಡಿಗೆ ಸೇರ್ಕೊಳ್ಳುತ್ತೆ. ಗಾಡಿ ಒಂದು ವಾರ ಬಿಟ್ಟುಹೋಗಿ."

ವಾರ ಬಿಡಲು ಸಾಧ್ಯವಿರಲಿಲ್ಲ. ಪಟ್ಟಿಯನ್ನು ಮೊದಲೇ ಮಾಡಿಟ್ಟುಕೊಂಡರೆ ಗಾಡಿ ಒಂದು ದಿನ ನಿಂತರೆ ಸಾಕೆಂದು ಒಪ್ಪಂದವಾಯಿತು. ಗೊಣಗಣ್ಣ ಟೇಪು ತೆಗೆಯಲು ಹೋದಾಗ ತಮ್ಮ ಅವನ ಕೈ ಹಿಡಿದ.

"ಅಳತೆ ನಾವು ಬರೆದು ಕಳಿಸ್ತೀವಿ. ನಮ್ಮ ಅಕ್ಕ ಹಿಡಿದ ಟೇಪು ಇವತ್ತಿನವರೆಗೂ ತಪ್ಪಿಲ್ಲ."

ಅಕ್ಕನಿಗೆ ಹೆಮ್ಮೆಯಾಯಿತು, ಸಂಕಟವೂ ಆಯಿತು. ತನ್ನನ್ನು ಇಳಿಸುವ ಕೆಲಸಕ್ಕೂ ತನ್ನದೇ ಅಳತೆ.

ಮರುದಿನ ಅಂಗಡಿಯ ಮುಂದೆ ಗಾಡಿ ನಿಲ್ಲಿಸಿ ಅಕ್ಕ ಒಳಗೆ ಹತ್ತಿದಳು. ತಮ್ಮ ಹೊರಗೆ ಬಾನೆಟ್ಟಿನ ಮೇಲೆ ಕಾಗದ ಇಟ್ಟುಕೊಂಡು, ಕಿವಿಯ ಸಂದಿಯ ಪೆನ್ಸಿಲ್ ತೆಗೆದ. ಅಕ್ಕ ಎಡಗೋಡೆಗೆ ಟೇಪಿನ ಕೊಕ್ಕೆ ಒತ್ತಿ ಬಲಗೋಡೆಯವರೆಗೆ ಎಳೆದಳು. ಐವತ್ತನಾಲ್ಕು ಇಂಚು, ಐದು ನೂಲು. ನಾಲಗೆಯ ತುದಿಗೆ ಆಗ ಬೇರೆ ಅಂಕಿಯೊಂದು ಬಂತು. ಒಂದು ಇಂಚು ಕಡಿಮೆ ಹೇಳಿದರೆ ಸಾಕು, ಚಿಲಕ ಗೂಡು ಮುಟ್ಟುವುದಿಲ್ಲ, ಸೀಟು ನಿಲ್ಲುವುದಿಲ್ಲ, ಬೇಜಾರಾಗಿ ಹಳೆಯದನ್ನೇ ಬಿಗಿಸುತ್ತಾರೆ. ಅವಳು ಆ ಇಕ್ಕಟ್ಟಿನಲ್ಲಿ ಬಗ್ಗಿ ನಿಂತು, ನೋಯುವ ಮಂಡಿಯ ಮೇಲೆ ಕೈಯೂರಿ, ಅದನ್ನು ಯೋಚಿಸಿದ್ದು ನಿಜ.

"ಅಕ್ಕಾ, ಎಷ್ಟು?" ಎಂದ ತಮ್ಮ.

"ಐವತ್ತನಾಲ್ಕು, ಐದು ನೂಲು" ಎಂದು ಅಕ್ಕ ಕೂಗಿದಳು.

ಎತ್ತರವನ್ನೂ ಕೂಗಿದಳು, ಆಳವನ್ನೂ ಕೂಗಿದಳು. ತಮ್ಮ ಬರೆದುಕೊಂಡು ಕಾಗದ ಕಳಿಸಿದ.

ಪಟ್ಟಿ ಸಿದ್ಧವಾದ ಮೇಲೆ ಗಾಡಿ ಒಂದು ದಿನ ಗೊಣಗಣ್ಣನ ಹತ್ತಿರ ನಿಂತಿತು. ಮೂವರೂ ತರಲು ಹೋದರು. ಗೊಣಗಣ್ಣ ಬೆಲ್ಟ್ ಎಳೆದ, ಸೀಟಿನ ಬೆನ್ನು ಹಗುರಾಗಿ ಮುಂದೆ ಬಂದು ಮಲಗಿತು. ಎತ್ತಿದ, ಟಕ್ ಎಂದಿತು. ತಮ್ಮ ತಾನೂ ನಾಲ್ಕು ಸಲ ಎಳೆದು ಎತ್ತಿ ಮಾಡಿದ. ನಾದಿನಿಯೂ ಮಾಡಿದಳು. ಅಕ್ಕನಿಗೆ ಹೇಳಿದರು, ಅವಳು ಆಮೇಲೆ ಎಂದಳು.

"ಬಾ ಅಕ್ಕ, ಮೊದಲನೇ ಸವಾರಿ ನಿಂದೇ" ಎಂದು ತಮ್ಮ ಬಾಗಿಲು ತೆರೆದ.

ಅಕ್ಕ ಹತ್ತಿ ಕೂತು ಬೆನ್ನಾನಿಸಿದಳು. ಗಾಡಿ ಗೊಣಗಣ್ಣನ ಬೀದಿ ದಾಟಿ ದೊಡ್ಡ ರಸ್ತೆಗೆ ತಿರುಗುವಲ್ಲಿ ಸೈಕಲ್ಲಿನವನೊಬ್ಬ ಅಡ್ಡ ಬಂದ. ತಮ್ಮ ಬ್ರೇಕ್ ತುಳಿದ. ಸೀಟಿನ ಬೆನ್ನು ಅಕ್ಕನನ್ನೂ ಸೇರಿಸಿಕೊಂಡು ಮುಂದಕ್ಕೆ ಮಡಚಿಕೊಂಡಿತು. ಅಕ್ಕನ ಹಣೆ ನಾದಿನಿಯ ಸೀಟಿಗೆ ಬಡಿಯಿತು, ಕೈ ಊರಿದ್ದರಿಂದ ಜಾಸ್ತಿ ಪೆಟ್ಟಾಗಲಿಲ್ಲ. ಮಡಿಲಲ್ಲಿ ಗಾಜಿರಲಿಲ್ಲ ಎನ್ನುವುದು ಎಲ್ಲರಿಗೂ ಒಟ್ಟಿಗೇ ಹೊಳೆಯಿತು.

ಗಾಡಿ ತಿರುಗಿಸಿಕೊಂಡು ಹೋದರು. ಗೊಣಗಣ್ಣ ಟಾರ್ಚ್ ಹಾಕಿ ನೋಡಿದ. ಚಿಲಕದ ಮೂತಿ ಎರಡೂ ಕಡೆ ಗೂಡಿನ ಅಂಚಿಗೆ ಬರೀ ತಾಗಿ ನಿಲ್ಲುತ್ತಿತ್ತು. ಟಕ್ ಎನ್ನುವಷ್ಟು ಒಳಗೆ ಹೋಗಿತ್ತು, ಹಿಡಿದುಕೊಳ್ಳುವಷ್ಟು ಹೋಗಿರಲಿಲ್ಲ.

"ಪಟ್ಟಿ ಎರಡು ನೂಲು ಗಿಡ್ಡ" ಎಂದ ಗೊಣಗಣ್ಣ. "ನನ್ನನ್ನ ನೋಡ್ಬೇಡಿ. ಚೀಟಿಲಿದ್ದದ್ದನ್ನ ಚೀಟಿಲಿದ್ದ ಹಾಗೆ ಕೊಯ್ದಿದ್ದೀನಿ. ನಾನು ಅಳೀತೀನಿ ಅಂದ್ರೆ ಕೈ ಹಿಡ್ಕೊಂಡ್ರಿ." ಮೊಳೆಗೆ ಸಿಕ್ಕಿಸಿದ್ದ ಚೀಟಿ ಕಿತ್ತು ತಮ್ಮನ ಕೈಗಿಟ್ಟ. ಮುಂದಿನ ಸೋಮವಾರದವರೆಗೆ ಪಟ್ಟಿ ಮುಟ್ಟಲು ಪುರುಸೊತ್ತಿಲ್ಲ ಎಂದೂ ಸೇರಿಸಿದ.

ತಮ್ಮ ಚೀಟಿ ನೋಡಿದ, ಮಡಚಿ ಡ್ಯಾಶ್‌ಬೋರ್ಡಿನ ಪೆಟ್ಟಿಗೆಯೊಳಗೆ ಹಾಕಿದ. ಅಕ್ಕನ ಮುಖ ನೋಡಲಿಲ್ಲ. ಮನೆಯ ಮುಂದೆ ಗಾಡಿ ನಿಲ್ಲಿಸಿ, ನಾದಿನಿ ಒಳಗೆ ಹೋದ ಮೇಲೆ, ಮೆಲ್ಲಗೆ ಹೇಳಿದ.

"ಹೋಗ್ಲಿ ಬಿಡು ಅಕ್ಕ. ನಿನಗೆ ಮೊದಲಿಂದ ಇಷ್ಟ ಇರ್ಲಿಲ್ಲ. ನನಗೆ ಅರ್ಥ ಆಗುತ್ತೆ."

"ಏನು ಅರ್ಥ ಆಗುತ್ತೆ?"

"ಬೇಜಾರಿನಲ್ಲಿ ಮನುಷ್ಯ ಏನೋ ಹೇಳ್ತಾನೆ. ನಾನೇನೂ ತಪ್ಪು ತಿಳ್ಕೊಂಡಿಲ್ಲ."

ಬೈದಿದ್ದರೆ ಅಕ್ಕ ಎರಡು ಬೈದು ಮುಗಿಸುತ್ತಿದ್ದಳು. ಅವನು ಕ್ಷಮಿಸಿಬಿಟ್ಟಿದ್ದ. ಅಕ್ಕನಿಗೆ ಮೈಯೆಲ್ಲ ಉರಿದುಹೋಯಿತು. ನಾನು ಸರಿಯಾಗೇ ಕೂಗಿದೆ ಎಂದು ಕಡ್ಡಿ ತುಂಡು ಮಾಡಿದ ಹಾಗೆ ಹೇಳಬೇಕೆಂದು ಬಾಯಿ ತೆರೆದಳು. ಗಾಡಿಯೊಳಗೆ ಬಗ್ಗಿ ನಿಂತು ಯೋಚಿಸಿದ್ದು ಆಗ ನೆನಪಿಗೆ ಬಂತು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡವನ ಕಥೆಯನ್ನು ಅವಳು ಬೇರೆಯವರಿಗೆ ಎಷ್ಟೋ ಸಲ ಹೇಳಿದ್ದಳು. ಈಗ ತನ್ನ ಕೈಯೇ ತನ್ನ ಹೆಗಲಿಗೆ ಹೋಗುತ್ತಿತ್ತು. ಸುಮ್ಮನೆ ಇಳಿದು ಒಳಗೆ ಹೋದಳು.

ಗಾಜು ಸಾಗಿಸಲು ಸೀಟು ಮಲಗಿದರೆ ಸಾಕು, ಚಿಲಕ ಬೇಕಿಲ್ಲ. ಮರುದಿನ ಬೆಳಗ್ಗೆ ತಮ್ಮ ಸ್ಟ್ಯಾಂಡ್ ಇಟ್ಟು, ಮೊದಲೇ ಅಳೆದು ಕತ್ತರಿಸಿಟ್ಟಿದ್ದ ಮೂವತ್ತು ಗಾಜು ನಿಲ್ಲಿಸಿ, ಹೆಂಡತಿಯನ್ನು ಕೂರಿಸಿಕೊಂಡು ಶಾಲೆಗೆ ಹೋದ. ಅಕ್ಕ ಅಂಗಡಿಯಲ್ಲಿ ಉಳಿದಳು. ಫೋನು ಬಂದರೆ ಎತ್ತುವುದು, ಯಾರಾದರೂ ಬಂದರೆ ಅವರಿಲ್ಲ ಎನ್ನುವುದು. ಕೋಡಂಗಿಗೂ ಬರುವಂಥ ಕೆಲಸ ಎಂದು ಗೊಣಗಿ, ತಾನೂ ಗೊಣಗಣ್ಣನ ಜಾತಿಗೆ ಸೇರಿದೆನೆಂದು ಬಾಯಿ ಮುಚ್ಚಿದಳು.

ಜಾಗ ಹೋದದ್ದಕ್ಕಿಂತ ದೊಡ್ಡ ಹುಳು ಈಗ ತಲೆಯೊಳಗೆ ಹೊಕ್ಕಿತ್ತು. ಸುಳ್ಳು ಹೇಳಬೇಕೆಂದುಕೊಂಡಳು, ಹೇಳಲಿಲ್ಲ, ಇಷ್ಟು ಖಂಡಿತ. ಆದರೆ ಟೇಪಿನಲ್ಲಿ ಐದನ್ನು ನೋಡಿ ನಾಲಗೆ ಮೂರು ಅಂದಿದ್ದರೆ? ಮನಸ್ಸಿನಲ್ಲಿದ್ದ ಕೊಳಕು ತನ್ನಷ್ಟಕ್ಕೆ ತಾನು ಬಾಯಿಗೆ ಬಂದಿದ್ದರೆ? ಅಥವಾ ಕಣ್ಣೇ ಮಂಡಿಯ ದಾರಿ ಹಿಡಿದಿದ್ದರೆ? ಅವಳು ಟೇಪು ತೆಗೆದು ಕತ್ತರಿಸುವ ಮೇಜನ್ನು ಅಳೆದಳು. ಬಾಗಿಲನ್ನು ಅಳೆದಳು. ಅಳೆದದ್ದನ್ನು ಗಟ್ಟಿಯಾಗಿ ಕೂಗಿ, ಕೂಗಿದ್ದನ್ನು ಸುಣ್ಣದಕಡ್ಡಿಯಿಂದ ಬರೆದು, ಮತ್ತೆ ಅಳೆದು ನೋಡಿದಳು. ಎಲ್ಲ ಸರಿಯಿತ್ತು. ಸರಿಯಿದ್ದದ್ದು ನೋಡಿ ಸಮಾಧಾನವಾಗಲಿಲ್ಲ. ಮೇಜಿನ ಮೇಲೆ ಅವಳಿಗೇನೂ ಬೇಜಾರಿರಲಿಲ್ಲವಲ್ಲ. ಮೂರು ದಿನ ಹೀಗೇ ನಡೆಯಿತು. ಪಕ್ಕದ ಅಂಗಡಿಯ ಬೀಗ ರಿಪೇರಿಯವನು ಬಂದಾಗ ಅವನ ಟೋಪಿಯನ್ನು ಬಿಟ್ಟು ಮಿಕ್ಕೆಲ್ಲದರ ಅಳತೆ ಗೋಡೆಯ ಮೇಲಿತ್ತು.

ಭಾನುವಾರ ಗಾಡಿ ಮನೆಯ ಮುಂದೆ ನಿಂತಿತ್ತು. ಅಕ್ಕ ಸ್ಟ್ಯಾಂಡ್ ಆಚೆ ಸರಿಸಿ ಒಳಗೆ ಹತ್ತಿ, ಗೋಡೆಯಿಂದ ಗೋಡೆಗೆ ಟೇಪು ಎಳೆದಳು. ಐವತ್ತನಾಲ್ಕು, ಐದು. ಆಮೇಲೆ ಡ್ಯಾಶ್‌ಬೋರ್ಡಿನ ಪೆಟ್ಟಿಗೆ ತೆಗೆದು ಗೊಣಗಣ್ಣ ಕೊಟ್ಟ ಚೀಟಿ ಹುಡುಕಿದಳು. ತಮ್ಮನ ಗುಂಡು ಅಕ್ಷರ. ಐವತ್ತನಾಲ್ಕು, ಮೂರು.

ಹಾಗಾದರೆ ನಾಲಗೆಯೇ. ಅಕ್ಕ ಮಲಗಿದ ಸೀಟಿನ ಮೇಲೆ ಕೂತುಬಿಟ್ಟಳು. ಮಂಡಿ ಹೋಗಿದ್ದಕ್ಕೆ ಅವಳು ಅತ್ತಿರಲಿಲ್ಲ. ಈಗ ಅಳು ಬಂತು. ಕೂಗಿದ್ದು ಸುಳ್ಳಾದರೆ ಆ ಮೂವತ್ತು ವರ್ಷದ ಯಾವ ಕಿಟಕಿಯನ್ನು ನಂಬುವುದು? ತಪ್ಪು ಒಪ್ಪಿಕೊಂಡು ಮುಗಿಸುವುದೇ ಮೇಲು ಎಂದು ಕಣ್ಣೊರೆಸಿಕೊಂಡು ತಮ್ಮನನ್ನು ಕರೆದಳು. ಅವನು ಹಲ್ಲುಜ್ಜುತ್ತಿದ್ದವನು ಬಾಯಿ ಮುಕ್ಕಳಿಸಿ ಬಂದ, ಹಿಂದೆಯೇ ನಾದಿನಿಯೂ ಬಂದಳು.

"ಸೋಮವಾರ ಪಟ್ಟಿ ಮಾಡ್ತಾನಲ್ಲ ಗೊಣಗಣ್ಣ. ಈ ಸಲ ನನ್ನ ಅಳತೆ ಬೇಡ. ನೀನೇ ಹಿಡಿ, ನೀನೇ ಕೂಗು, ನೀನೇ ಬರಿ" ಎಂದಳು ಅಕ್ಕ.

"ಅದಕ್ಕೆಲ್ಲ ಯಾಕೆ ಇಷ್ಟು—"

"ಹಿಡಿಯೋ."

ನಾದಿನಿ ಎಡಗಡೆ ಕೊಕ್ಕೆ ಒತ್ತಿ ಹಿಡಿದಳು. ತಮ್ಮ ಬಲಗಡೆ ಟೇಪು ಎಳೆದು, ಕಣ್ಣು ಕಿರಿದು ಮಾಡಿ ನೋಡಿದ.

"ಐವತ್ತನಾಲ್ಕು... ಐದು ನೂಲು" ಎಂದು ಕೂಗಿದ. ಕೂಗುತ್ತಲೇ ಟೇಪು ಬಿಟ್ಟು, ಕಿವಿಯ ಸಂದಿಯ ಪೆನ್ಸಿಲ್ ತೆಗೆದು, ಅದೇ ಚೀಟಿಯ ಹಿಂಬದಿಗೆ ಬರೆದು ಅಕ್ಕನ ಕೈಗೆ ಕೊಟ್ಟ.

ಅಕ್ಕ ಚೀಟಿ ನೋಡಿದಳು. ಮತ್ತೆ ನೋಡಿದಳು.

"ಏನು ಬರೆದಿದ್ದೀಯ, ಓದು."

"ಐವತ್ತನಾಲ್ಕು" ಎಂದು ಓದಿದ ತಮ್ಮ. ಆಮೇಲೆ ನಿಂತ. "ಮೂರು."

ತಮ್ಮ ತನ್ನ ಬಲಗೈಯನ್ನು ನೆರೆಮನೆಯವರ ಕೈ ಎಂಬಂತೆ ನೋಡಿಕೊಂಡ. ನಾದಿನಿಗೆ ಮೊದಲು ಅರ್ಥವಾಯಿತು; ಅವಳು ಗಾಡಿಯ ಬಾಗಿಲು ಹಿಡಿದುಕೊಂಡು, ಹೊಟ್ಟೆ ಹುಣ್ಣಾಗುವಂತೆ ನಗತೊಡಗಿದಳು. "ಅಯ್ಯೋ ರಾಮ, ಕಬ್ಬಿಣಕ್ಕೂ ಉಸಿರಾಡೋಕೆ ಜಾಗ ಬಿಟ್ಟಿದ್ದೀರಲ್ರೀ!"

ತಮ್ಮ ನಗಲಿಲ್ಲ. ಮೂವತ್ತು ವರ್ಷ ಅಕ್ಕನ ಬಾಯಿಂದ ಬಂದ ಒಂದಾದರೂ ಅಂಕಿಯನ್ನು ಅವನು ಬಂದ ಹಾಗೆ ಬರೆದದ್ದಿಲ್ಲ. ಕಿವಿಗೆ ಬಿದ್ದದ್ದು ಬೆರಳಿಗೆ ಇಳಿಯುವಷ್ಟರಲ್ಲಿ ಎರಡು ನೂಲು ಕಳೆದುಹೋಗುತ್ತಿತ್ತು. ತಾನು ಕಳೆಯುತ್ತಿದ್ದೇನೆಂದು ಅವನಿಗೆ ಗೊತ್ತಾಗುವುದೂ ಎಂದೋ ನಿಂತುಹೋಗಿತ್ತು.

"ನಾನೇ ಅಕ್ಕ" ಎಂದ. "ನಾನೇ ತಪ್ಪು ಮಾಡಿ, ನಿನ್ನನ್ನ ಕ್ಷಮಿಸೋಕೆ ಬೇರೆ ಬಂದೆ."

"ಸುಳ್ಳು ಹೇಳ್ಬೇಕು ಅಂದ್ಕೊಂಡಿದ್ದೆ ಕಣೋ. ಅದೂ ನಿಜ."

"ನಾನಾಗಿದ್ರೆ ಹೇಳೇಬಿಡ್ತಿದ್ದೆ" ಎಂದ ತಮ್ಮ. ಆ ಮಾತಿಗೆ ಅಕ್ಕ ಅವನ ತಲೆಗೊಂದು ಮೊಟಕಿದಳು. ಐವತ್ತನಾಲ್ಕು ವರ್ಷದವನ ಬೋಳುತಲೆ ಟಣ್ಣೆಂದಿತು. ಮೂರು ದಿನದ ಭಾರ ಅವಳ ಎದೆಯಿಂದ ಇಳಿದದ್ದು ಆಗಲೇ.

ಸೋಮವಾರ ಗೊಣಗಣ್ಣ ಪಟ್ಟಿಗೆ ತುಂಡು ಬೆಸೆದ. ಈ ಸಲ ಚಿಲಕ ಗೂಡಿನೊಳಗೆ ಗಟ್ಟಿಯಾಗಿ ಕೂತಿತು. ತಮ್ಮ ಎರಡು ಕೈಯಿಂದ ಎಳೆದರೂ ಅಲ್ಲಾಡಲಿಲ್ಲ. ಮಂಗಳವಾರ ಅವನು ಬೆಳಗಿನ ಜಾವವೇ ಗಾಜು ತುಂಬಿಕೊಂಡು ಹೋಗಿ ಶಾಲೆಯಲ್ಲಿ ಇಳಿಸಿ, ಹೆಂಡತಿಯನ್ನೂ ಸ್ಟ್ಯಾಂಡನ್ನೂ ಅಲ್ಲೇ ಬಿಟ್ಟು, ಸೀಟು ಎತ್ತಿ ನಿಲ್ಲಿಸಿಕೊಂಡು, ಅಕ್ಕನನ್ನು ಕರೆದೊಯ್ಯಲು ವಾಪಸು ಬಂದ. ಅಷ್ಟು ದೂರ ಎರಡು ಸಲ. ಮುಖದಲ್ಲಿ ಬೇಜಾರಿರಲಿಲ್ಲ. ಸೀಟಿನ ಮೇಲೆ ಒಂದು ಹೊಸ ದಿಂಬೂ ಇತ್ತು.

"ದಿನಾ ಹೀಗೇ ಬರ್ತೀನಿ" ಎಂದ.

ಅಕ್ಕ ಕೂತಳು. ಅವಳ ಮುಂದೆ ಗಾಜಿರಲಿಲ್ಲ, ಕಂಬಳಿಯಿರಲಿಲ್ಲ. ಗಾಡಿ ಹಳ್ಳಕ್ಕೆ ಇಳಿದಾಗಲೆಲ್ಲ ಅವಳ ಮಂಡಿಗಳು ತಾವಾಗಿಯೇ ಒಂದಕ್ಕೊಂದು ಹತ್ತಿರ ಸರಿದು, ನಡುವೆ ಏನೂ ಸಿಗದೆ ಒಂದಕ್ಕೊಂದು ತಾಗುತ್ತಿದ್ದವು. ಕೈಗಳನ್ನು ಎಲ್ಲಿಡಬೇಕೆಂದು ತಿಳಿಯಲಿಲ್ಲ. ತೊಡೆಯ ಮೇಲಿಟ್ಟಳು, ಕಿಟಕಿಯ ಅಂಚಿಗಿಟ್ಟಳು, ಕೊನೆಗೆ ದಿಂಬನ್ನು ತೆಗೆದು ತಬ್ಬಿಕೊಂಡಳು. ತಮ್ಮ ಕನ್ನಡಿಯಲ್ಲಿ ನೋಡಿ, "ಆರಾಮಾಗಿದೆಯಾ ಅಕ್ಕ?" ಎಂದ. ಆರಾಮಾಗಿತ್ತು. ಕೆಲಸಕ್ಕೆ ಹೋಗುತ್ತಿರುವವಳನ್ನು ಹೀಗೆ ಯಾರೂ ಕೇಳುವುದಿಲ್ಲ ಎಂದು ಅಕ್ಕನಿಗೆ ಅನಿಸಿತು.

ಶಾಲೆಯಲ್ಲಿ ನಾದಿನಿ ಟೇಪನ್ನು ಅವಳ ಕೈಗೆ ದಾಟಿಸಿ ಕೈಮುಗಿದಳು. "ತಗೊಳ್ಳಿ ಅತ್ತಿಗೆ. ಈ ನೂಲುಗೀಲು ನನ್ನ ಕಣ್ಣಿಗೆ ಕಾಣೋದೇ ಇಲ್ಲ. ನಾನು ಸುಮಾರಾಗಿ ಕೂಗ್ತೀನಿ, ಇವರು ಸುಮಾರಾಗಿ ಬೈತಾರೆ." ಮೊದಲ ಮಹಡಿಯ ಹದಿನಾರು ಕಿಟಕಿಗಳನ್ನು ಅಕ್ಕ ಒಂದೊಂದಾಗಿ ಅಳೆದು ಕೂಗಿದಳು. ಕಾಲು ನೋಯಿತು, ನಡುನಡುವೆ ಮಕ್ಕಳ ಬೆಂಚಿನ ಮೇಲೆ ಕಾಲು ಚಾಚಿ ಕೂತಳು. ತಮ್ಮ ಬರೆದುಕೊಂಡ. ಬರೆದದ್ದೆಲ್ಲ ಎರಡು ನೂಲು ಕಡಿಮೆಯಿತ್ತು, ಇರಬೇಕಾದದ್ದೂ ಹಾಗೇ.

ಸಂಜೆ ತಮ್ಮ ಸ್ಟ್ಯಾಂಡನ್ನು ಹಿಂದಿನ ಬಾಡಿಯೊಳಗೆ ಎತ್ತಿಹಾಕಲು ಹೊರಟ. ಮನೆ ತಲುಪಿ, ಅಕ್ಕನನ್ನು ಇಳಿಸಿ, ಅಲ್ಲಿ ಸ್ಟ್ಯಾಂಡ್ ಒಳಗೆ ಕಟ್ಟಬೇಕು, ಬೆಳಗ್ಗೆ ಇಲ್ಲಿ ಬಿಚ್ಚಬೇಕು, ಮತ್ತೆ ಅಕ್ಕನನ್ನು ಕರೆತರಲು ಹಿಂತಿರುಗಬೇಕು.

"ಅದನ್ನ ಬಾಡಿಯೊಳಗೆ ಹಾಕ್ಬೇಡ" ಎಂದಳು ಅಕ್ಕ. ಬಾಗಿಲು ತೆರೆದು, ಇದುವರೆಗೆ ಮುಟ್ಟದಿದ್ದ ಬೆಲ್ಟಿಗೆ ಕೈ ಹಾಕಿ ಎಳೆದಳು. ಸೀಟಿನ ಬೆನ್ನು ಮುಂದಕ್ಕೆ ಬಂದು ಮಲಗಿತು. "ಇದರ ಮೇಲೆ ಇಟ್ಟು ಕಟ್ಟು. ಹಾಗೇ ಇರ್ಲಿ."

"ನೀನೆಲ್ಲಿ ಕೂತ್ಕೊಳ್ತೀಯ?"

"ಬಸ್ಸಿಲ್ವಾ? ಗೇಟಿನ ಮುಂದೇ ನಿಲ್ಲುತ್ತೆ."

"ಅಕ್ಕ, ನನಗೇನೂ ಕಷ್ಟ ಇಲ್ಲ—"

"ನನಗಿದೆ" ಎಂದಳು ಅಕ್ಕ. "ಗಾಜಿಲ್ದೆ ಆ ಸೀಟಿನಲ್ಲಿ ಕೂರೋಕೆ ನನ್ನ ಕೈಲಿ ಆಗಲ್ಲ. ನೀನು ಗಾಜು ತಗೊಂಡು ಬಾ, ನಾನು ಟೇಪು ತಗೊಂಡು ಬರ್ತೀನಿ. ನಾಳೆ ಎಂಟಕ್ಕೆ ಎರಡನೇ ಮಹಡೀಲಿ ಇರ್ತೀನಿ. ತಡ ಮಾಡ್ಬೇಡ."

ತಮ್ಮ ಏನೋ ಹೇಳಲು ಹೊರಟ. ನಾದಿನಿ ಅವನ ತೋಳು ಚಿವುಟಿದಳು, ಅವನು ಸ್ಟ್ಯಾಂಡ್ ಎತ್ತಿಕೊಂಡ.

ಬಸ್ಸಿನಲ್ಲಿ ಜನ ಕಡಿಮೆಯಿದ್ದರು. ಬಾಗಿಲ ಪಕ್ಕದ, ಮುಂದೆ ಏನೂ ಇಲ್ಲದ ಸೀಟು ಖಾಲಿಯಿತ್ತು. ಅಕ್ಕ ಡಾಕ್ಟರು ಹೇಳಿದ ಹಾಗೆ ಎರಡು ಕಾಲನ್ನೂ ಪೂರ್ತಿ ಚಾಚಿ ಕೂತಳು. ಬಸ್ಸು ಹೊರಟ ಮೇಲೆ, ತಮ್ಮನ ಗಾಡಿ ಅದನ್ನು ದಾಟಿಕೊಂಡು ಮುಂದೆ ಹೋಯಿತು. ಹಿಂದಿನ ಕಿಟಕಿಯಲ್ಲಿ ಖಾಲಿ ಸ್ಟ್ಯಾಂಡ್ ಕಾಣಿಸಿತು. ಅಕ್ಕನಿಗೆ ಅಳು ಬಂತು, ಎರಡು ಸ್ಟಾಪಿನವರೆಗೂ ಅತ್ತಳು. ಮೂರನೇ ಸ್ಟಾಪಿನಲ್ಲಿ ಮುಖ ಒರೆಸಿಕೊಂಡು, ಬೆಳಗ್ಗೆ ಎಂಟಕ್ಕೆ ಮುಂಚೆ ಶಾಲೆ ತಲುಪುವ ಬಸ್ಸು ಯಾವುದು ಎಂದು ಕಂಡಕ್ಟರನ್ನು ಕೇಳಿದಳು.